ತಟ್ಟೆಯಲ್ಲಿ ಉಳಿದ ದನಿ

ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾರ ಹಬ್ಬ. ಅಂದು ನಮ್ಮ ದೇವಾಲಯಗಳ ಗಾಯನ ಮಂಡಳಿಗಳು ತಮ್ಮ ಪಾಲಕಿಯನ್ನು ಸ್ಮರಿಸುತ್ತವೆ. ಈ ಹಬ್ಬದ ನೆಪದಲ್ಲಿ, ನಮ್ಮ ಅನೇಕ ಹಳೆಯ ಮನೆಗಳ ಅಟ್ಟದ ಮೇಲೆ ಧೂಳು ಹೊದ್ದು ಕುಳಿತಿರುವ ಒಂದು ವಸ್ತುವಿನ ಕುರಿತು ಚಿಂತಿಸುವುದು ಉಚಿತವೆನಿಸುತ್ತದೆ. ಅದೇ ಗ್ರಾಮಾಫೋನ್ ತಟ್ಟೆ.

ಕ್ಯಾಸೆಟ್ಟು ಬಂದು ತಟ್ಟೆಯನ್ನು ಮೂಲೆಗೆ ತಳ್ಳಿತು; ಸಿ.ಡಿ. ಬಂದು ಕ್ಯಾಸೆಟ್ಟನ್ನು ತಳ್ಳಿತು. ಇಂದು ಮೊಬೈಲಿನಲ್ಲಿ ಬೆರಳು ಸೋಕಿದರೆ ಸಾಕು, ಬೇಕಾದ ಹಾಡು ಕೇಳಿಬರುತ್ತದೆ. ಆದರೂ ಸತ್ತುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ತಟ್ಟೆ ಮರಳಿ ಬಂದಿದೆ. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ತಟ್ಟೆಗಳ ಮಾರಾಟದ ಆದಾಯ ಸಿ.ಡಿ.ಗಳ ಆದಾಯವನ್ನು ಮೀರಿತು. 2022ರಲ್ಲಿ ಮಾರಾಟದ ಸಂಖ್ಯೆಯಲ್ಲಿಯೂ ಮೀರಿತು. ಕೊಳ್ಳುವವರಲ್ಲಿ ಯುವಜನರೂ ಇದ್ದಾರೆ. ಸುಲಭವಾಗಿ ಸಿಗುವುದನ್ನು ಬಿಟ್ಟು ಇವರು ಕಷ್ಟದ ದಾರಿಯನ್ನು ಹಿಡಿದದ್ದೇಕೆ?

ಉತ್ತರ ತಟ್ಟೆಯ ಸ್ವಭಾವದಲ್ಲಿಯೇ ಇದೆ. ಹಳೆಯ ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಮೂರು ನಾಲ್ಕು ನಿಮಿಷಗಳ ಹಾಡು ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ಹೊರತಂದ ವಿನೈಲ್ ದೀರ್ಘತಟ್ಟೆ ನಿಮಿಷಕ್ಕೆ ಮೂವತ್ಮೂರೂ ಮೂರನೇ ಒಂದು ಸುತ್ತು ತಿರುಗಿ, ಬದಿಯೊಂದಕ್ಕೆ 20 ನಿಮಿಷಗಳಿಗೂ ಹೆಚ್ಚು ಸಂಗೀತ ನೀಡಿತು. ತಟ್ಟೆಯ ಸಣ್ಣ ಗೀರಿನಲ್ಲಿ ಮುಳ್ಳು ಚಲಿಸುವಾಗ ಉಂಟಾಗುವ ಕಂಪನವೇ ದನಿಯಾಗುತ್ತದೆ. ಕೇಳಬೇಕಾದರೆ ತಟ್ಟೆಯನ್ನು ಹೊರತೆಗೆದು, ಒರೆಸಿ, ಮುಳ್ಳನ್ನು ಮೆಲ್ಲನೆ ಇಳಿಸಬೇಕು. ಒಂದು ಬದಿ ಮುಗಿದೊಡನೆ ಎದ್ದು ಮಗುಚಬೇಕು. ಇಷ್ಟು ಶ್ರಮಪಟ್ಟವನು ಅರೆಮನಸ್ಸಿನಿಂದ ಕೇಳಲಾರ. ಪ್ರಾರ್ಥನೆಗೂ ಇಂಥದೇ ಸಿದ್ಧತೆ ಬೇಕೆಂಬುದು ನಮಗೆ ತಿಳಿದ ವಿಷಯವಲ್ಲವೇ?

ಈ ತಟ್ಟೆಗೂ ನಮ್ಮ ದೇಶಕ್ಕೂ ಹಳೆಯ ನಂಟು. 78 ಸುತ್ತಿನ ತಟ್ಟೆಗೆ ಬೇಕಾದ ಅರಗನ್ನು ಮುತ್ತುಗ, ಎಲಚಿ ಮುಂತಾದ ಮರಗಳ ಮೇಲೆ ಬಾಳುವ ಕಿರು ಕೀಟಗಳು ಸ್ರವಿಸುತ್ತವೆ. ಭಾರತದ ಅರಗು ಲೋಕಕ್ಕೆಲ್ಲ ಹೋಗುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ತಟ್ಟೆ ಅಚ್ಚೊತ್ತುವ ಕಾರ್ಖಾನೆ ಆರಂಭವಾಯಿತು. ಮುಂದೆ ಅದು ಡಮ್‌ಡಮ್‌ಗೆ ಸ್ಥಳಾಂತರಗೊಂಡಿತು. ಕಹಳೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಅರಿಯದ ಹಿರಿಯರು ವಿರಳ.

ಧರ್ಮಸಭೆಯ ಸಂಗೀತವೂ ಈ ತಟ್ಟೆಗೆ ಋಣಿ. 1810ರಲ್ಲಿ ಜನಿಸಿದ ಜಗದ್ಗುರು ಹದಿಮೂರನೇ ಲಿಯೋ ಅವರ ವೃದ್ಧ ದನಿಯನ್ನು 1903ರಲ್ಲಿ, ಅವರ ಮರಣಕ್ಕೆ ಕೆಲವೇ ತಿಂಗಳ ಮುನ್ನ, ಧ್ವನಿಮುದ್ರಿಸಲಾಯಿತು. 2025ರಲ್ಲಿ ಹದಿನಾಲ್ಕನೇ ಲಿಯೋ ಅವರು ಆ ಪೂರ್ವಿಕರ ನೆನಪಿನಲ್ಲಿಯೇ ತಮ್ಮ ಹೆಸರನ್ನು ಆರಿಸಿಕೊಂಡರು. ಅದೇ 1903ರ ಸಂತ ಸಿಸಿಲಿಯಾರ ಹಬ್ಬದಂದು ಜಗದ್ಗುರು ಹತ್ತನೇ ಪಿಯುಸ್ ಅವರು ಪವಿತ್ರ ಸಂಗೀತದ ಸುಧಾರಣೆಗಾಗಿ ಆಜ್ಞಾಪತ್ರವನ್ನು ಹೊರಡಿಸಿ ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನವಿತ್ತರು. ಆದರೆ ದೂರದ ಊರಿನ ಗಾಯಕರು ಆ ಗಾಯನದ ಸರಿಯಾದ ಲಯವನ್ನು ಕಲಿಯುವುದು ಹೇಗೆ? ಪುಸ್ತಕದ ಸ್ವರಲಿಪಿ ಉಸಿರನ್ನು ಕಲಿಸದು. 1930ರಲ್ಲಿ ಫ್ರಾನ್ಸಿನ ಸೊಲೆಮ್ ಮಠದ ಬೆನೆಡಿಕ್ಟೀನ್ ಸನ್ಯಾಸಿಗಳು ಡೊಮ್ ಗಜಾರ್ ಅವರ ನೇತೃತ್ವದಲ್ಲಿ ಹಾಡಿದ ಗೀತೆಗಳು ತಟ್ಟೆಗಳಾಗಿ ಹೊರಬಂದಾಗ ಆ ಕೊರತೆ ನೀಗಿತು. ಮಠದ ಗೋಡೆಯೊಳಗಿನ ದನಿ ಗೋಡೆಯಾಚೆಗೂ ಕೇಳಿಸಿತು. ಮುಂದೆ ಕಾಂಗೋ ದೇಶದಲ್ಲಿ ಫ್ರಾನ್ಸಿಸ್ಕನ್ ಗುರು ಗೀಡೋ ಹಾಜೆನ್ ಅವರ ಗಾಯಕವೃಂದ ಆಫ್ರಿಕದ ತಾಳವಾದ್ಯಗಳೊಡನೆ ಹಾಡಿದ ‘ಮಿಸ್ಸಾ ಲೂಬಾ’ ತಟ್ಟೆಯ ಮೂಲಕವೇ ಪ್ರಸಿದ್ಧವಾಯಿತು. ಒಂದು ಜನಾಂಗ ತನ್ನದೇ ರಾಗತಾಳಗಳಲ್ಲಿ ದೇವರನ್ನು ಸ್ತುತಿಸಬಲ್ಲದೆಂಬುದಕ್ಕೆ ಅದು ಕಿವಿಯಾರೆ ಕೇಳಬಹುದಾದ ಸಾಕ್ಷಿಯಾಯಿತು.

ನಮ್ಮ ಕರಾವಳಿಯ ಕೊಂಕಣಿ ಕುಟುಂಬಗಳಿಗೆ ತಟ್ಟೆಯ ನೆನಪು ಮತ್ತೊಂದು ಬಗೆಯದು. 1971ರಲ್ಲಿ ಎಚ್.ಎಂ.ವಿ. ಹೊರತಂದ, ಗೋವೆಯ ಕ್ರಿಸ್ ಪೆರಿ ಸಂಯೋಜಿಸಿ ಲೋರ್ನಾ ಹಾಡಿದ ಗೀತೆಗಳ ಹೆಸರೆತ್ತಿದರೆ ಹಿರಿಯರ ಮುಖ ಇಂದಿಗೂ ಅರಳುತ್ತದೆ. ಒಂದು ಯಂತ್ರದ ಸುತ್ತ ಇಡೀ ಮನೆ ಕುಳಿತು ಕೇಳುತ್ತಿದ್ದ ಕಾಲವದು. ಇಂದು ಒಂದೇ ಸೂರಿನಡಿ ನಾಲ್ವರ ಕಿವಿಯಲ್ಲಿ ನಾಲ್ಕು ಹಾಡು. ಜಪಸರದ ಬಳಿಕ ಅರ್ಧ ಗಂಟೆ ಎಲ್ಲರೂ ಒಂದೇ ಹಾಡಿಗೆ ಕಿವಿಗೊಡುವುದು ಸಣ್ಣ ಲಾಭವೇನಲ್ಲ.

ಆದರೆ ತಟ್ಟೆಗೂ ಒಂದು ಮಿತಿಯುಂಟು. 1958ರ ಸೆಪ್ಟೆಂಬರ್ 3ರಂದು, ಜಗದ್ಗುರು ಹನ್ನೆರಡನೇ ಪಿಯುಸ್ ಅವರ ಸಮ್ಮತಿಯೊಡನೆ ಪ್ರಕಟವಾದ ಪವಿತ್ರ ಸಂಗೀತದ ನಿರ್ದೇಶನವು, ಪೂಜಾವಿಧಿಗಳಲ್ಲಿ ಗ್ರಾಮಾಫೋನು ಮುಂತಾದ ಯಂತ್ರಗಳ ಬಳಕೆಯನ್ನು ನಿಷೇಧಿಸಿತು. ಕಲಿಕೆಗೆ ಅವಕಾಶ ನೀಡಿತು. ಏಕೆಂದರೆ ಆರಾಧನೆ ಸಲ್ಲಿಸಬೇಕಾದವರು ಅಲ್ಲಿ ನೆರೆದ ಜೀವಂತ ಜನರು. ಮುದ್ರಿತ ಹಿನ್ನೆಲೆ ಸಂಗೀತವನ್ನು ಹಚ್ಚಿಟ್ಟು ಅದರ ಮೇಲೆ ಹಾಡುವ ಪರಿಪಾಠ ಅಲ್ಲಲ್ಲಿ ಕಾಣುತ್ತಿರುವ ಇಂದಿನ ದಿನಗಳಲ್ಲಿ ಈ ಮಾತು ಇನ್ನಷ್ಟು ಮನನೀಯ. ತಪ್ಪಿದರೂ ಸರಿಯೆ, ಹಾರ್ಮೋನಿಯಂ ನುಡಿಸಲು ಕಲಿಯುತ್ತಿರುವ ಹುಡುಗಿಗೆ ಅವಕಾಶವಿರಬೇಕು. ತಟ್ಟೆ ಮನೆಯಲ್ಲಿ ಗುರುವಾಗಲಿ. ದೇವಾಲಯದಲ್ಲಿ ನಮ್ಮ ದನಿಯೇ ಕಾಣಿಕೆಯಾಗಲಿ.

ಸಂಗ್ರಹದ ಹವ್ಯಾಸವುಳ್ಳವರಿಗೆ ಕೆಲವು ಸೂಚನೆಗಳು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ತಾಗಿದರೆ ಅವು ಸೊಟ್ಟಗಾಗುತ್ತವೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಗೀರುಗಳನ್ನು ಮುಟ್ಟದೆ ಅಂಚನ್ನು ಹಿಡಿಯಬೇಕು. ಅರಗಿನ ತಟ್ಟೆಗೆ ಮದ್ಯಸಾರ ತಾಗಿಸಲೇಬಾರದು. ಅರಗು ಅದರಲ್ಲಿ ಕರಗುತ್ತದೆ. ಹಳೆಯ ಕಹಳೆಯಂತ್ರದ ಉಕ್ಕಿನ ಮುಳ್ಳನ್ನು ವಿನೈಲ್ ತಟ್ಟೆಯ ಮೇಲಿಟ್ಟರೆ ತಟ್ಟೆ ಹಾಳಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಗ್ರಹ ಲೋಭವಾಗಬಾರದು. ಕೇಳದೆ ಬೀಗ ಹಾಕಿಟ್ಟ ನೂರು ತಟ್ಟೆಗಳಿಗಿಂತ, ನೆರೆಯವರನ್ನು ಕರೆದು ಕೇಳಿಸಿದ ಹತ್ತು ತಟ್ಟೆಗಳು ಮೇಲು.

ಹಿರಿಯರು ತೀರಿಕೊಂಡ ಮನೆಗಳಲ್ಲಿ ತಟ್ಟೆಗಳು ಕಾಗದದ ರದ್ದಿಯೊಡನೆ ಗುಜರಿಗೆ ಹೋಗುವುದುಂಟು. ಹಾಗೆ ಹೋಗುವುದರಲ್ಲಿ ಬೇರೆಲ್ಲಿಯೂ ಪ್ರತಿಯುಳಿಯದ ದನಿಯೊಂದು ಇದ್ದಿರಲೂಬಹುದು. ಮಾರುವ ಮುನ್ನ ಅವುಗಳ ಮೇಲಿನ ಹೆಸರು, ಭಾಷೆ, ಸಂಖ್ಯೆಗಳನ್ನು ಬರೆದಿಡಿ, ಬಲ್ಲವರಿಗೆ ತೋರಿಸಿ, ನಿಮಗೆ ಬೇಡವಾದರೆ ಧರ್ಮಕೇಂದ್ರದ ಗ್ರಂಥಾಲಯಕ್ಕೋ ಕಾಲೇಜಿಗೋ ಒಪ್ಪಿಸಿ. ಹಾಡಿದವರು ಮರೆಯಾಗಿದ್ದಾರೆ, ಅವರ ಉಸಿರನ್ನು ಮುಂದಿನ ಪೀಳಿಗೆಗೆ ದಾಟಿಸುವ ಹೊಣೆ ಈಗ ನಮ್ಮದು.