ಹಾರಲೇಬೇಕಾದವರ ಶೋಕ

ವಿಮಾನ ದುರಂತದ ವಾರ್ತೆ ಬಂದೊಡನೆ ನಾವೆಲ್ಲ ಮೊದಲು ಕೇಳುವುದು ಸತ್ತವರೆಷ್ಟು, ಬದುಕಿ ಉಳಿದವರೆಷ್ಟು ಎಂಬುದನ್ನು. ಅದರ ಬೆನ್ನಲ್ಲೇ ನಮ್ಮ ಕಡೆಯವರು ಯಾರಾದರೂ ಇದ್ದರೇ ಎಂಬ ಆತಂಕ ತಲೆದೋರುತ್ತದೆ. ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳಲ್ಲಿ ಆ ಹೊತ್ತಿನ ತಳಮಳವನ್ನು ಬಣ್ಣಿಸಬೇಕಾಗಿಲ್ಲ. ಸ್ವಲ್ಪ ಸಮಯ ಕಳೆದ ಮೇಲೆ ಮೂರನೆಯ ಪ್ರಶ್ನೆ ಹುಟ್ಟುತ್ತದೆ: "ಪೈಲಟ್ ಏನು ಮಾಡುತ್ತಿದ್ದ?" ಈ ಪ್ರಶ್ನೆಯನ್ನು ನಾವು ಏಕವಚನದಲ್ಲಿಯೇ ಕೇಳುತ್ತೇವೆಂಬುದನ್ನು ವಾಚಕರು ಗಮನಿಸಬೇಕು. ಆತನೂ ಅದೇ ವಿಮಾನದಲ್ಲಿ ಮಡಿದಿರುತ್ತಾನೆ. ಆದರೂ ಮಡಿದವರ ಸಾಲಿನಲ್ಲಿ ಅವನ ಸ್ಥಾನ ಬೇರೆ.

ಅದೇ ಹೊತ್ತಿನಲ್ಲಿ ಇತರ ವಿಮಾನ ಚಾಲಕರ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆಯಿರುತ್ತದೆ. ಯಾರು ಹಾರಿಸುತ್ತಿದ್ದರು ಎಂಬುದೇ ಅದು. ವಿಮಾನ ಸಂಸ್ಥೆಗಳಲ್ಲಿ ಇಬ್ಬರು ಚಾಲಕರ ಜೋಡಿ ಸ್ಥಿರವಾಗಿರುವುದಿಲ್ಲ. ಇಂದು ಒಬ್ಬರೊಡನೆ, ನಾಳೆ ಮತ್ತೊಬ್ಬರೊಡನೆ ಕರ್ತವ್ಯ. ಇಡೀ ರಾತ್ರಿ ಒಂದು ಸಣ್ಣ ಕೋಣೆಯಲ್ಲಿ ಅಕ್ಕಪಕ್ಕ ಕುಳಿತು ಸಾಗರ ದಾಟಿದವರು ಪರಸ್ಪರರ ಮನೆಯ ಕಷ್ಟಸುಖವನ್ನೆಲ್ಲ ಅರಿತಿರುತ್ತಾರೆ. ಆ ಮೇಲೆ ತಿಂಗಳುಗಟ್ಟಲೆ ಭೇಟಿಯಿರುವುದಿಲ್ಲ. ಆದ್ದರಿಂದ ಒಬ್ಬ ಚಾಲಕ ತೀರಿಕೊಂಡಾಗ ಅವನ ಪಕ್ಕದ ಆಸನದಲ್ಲಿ ಎಂದಾದರೂ ಕುಳಿತಿದ್ದ ನೂರಾರು ಜನ ಒಮ್ಮೆಗೇ ದುಃಖಿತರಾಗುತ್ತಾರೆ. ದುಃಖಿತರಾಗಿಯೂ ಮರುದಿನ ಹಾರಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಸಾವಾದರೆ ನೆಂಟರಿಷ್ಟರು ಬಂದು ಕೂಡುತ್ತಾರೆ, ಅಂಗಡಿಯ ಬಾಗಿಲು ಕೆಲದಿನ ಮುಚ್ಚಿರುತ್ತದೆ. ವಿಮಾನದ ವೇಳಾಪಟ್ಟಿ ಮಾತ್ರ ಯಾರಿಗಾಗಿಯೂ ನಿಲ್ಲುವುದಿಲ್ಲ.

2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿನ ಗ್ಯಾಟ್ವಿಕ್‌ಗೆ ಹೊರಟ ಏರ್ ಇಂಡಿಯಾದ 171ನೆಯ ಸಂಖ್ಯೆಯ ಬೋಯಿಂಗ್ 787 ವಿಮಾನವು ನೆಲ ಬಿಟ್ಟ ಸುಮಾರು 32 ಸೆಕೆಂಡುಗಳಲ್ಲಿ ವೈದ್ಯಕೀಯ ಕಾಲೇಜೊಂದರ ವಿದ್ಯಾರ್ಥಿನಿಲಯದ ಕಟ್ಟಡಗಳ ಮೇಲೆ ಬಿದ್ದು ಭಸ್ಮವಾಯಿತು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಉಳಿದರು. ನೆಲದ ಮೇಲಿದ್ದ 19 ಜನರೂ ಸೇರಿ ಮೃತರ ಸಂಖ್ಯೆ 260 ಆಯಿತು. ಕ್ಯಾಪ್ಟನ್ ಸುಮಿತ್ ಸಭರ್ವಾಲ್ 15,000 ಗಂಟೆಗಳಿಗೂ ಮಿಗಿಲಾದ ಹಾರಾಟದ ಅನುಭವವುಳ್ಳವರು. ಅವರೊಡನಿದ್ದ ಸಹಚಾಲಕ ಕ್ಲೈವ್ ಕುಂದರ್ ಮಂಗಳೂರು ಮೂಲದ ಕುಟುಂಬದವರು, 3,400 ಗಂಟೆ ಹಾರಿದ್ದ ತರುಣ. ಆ ದಿನ ವಿಮಾನವನ್ನು ಹಾರಿಸುತ್ತಿದ್ದವರು ಕುಂದರ್, ಮೇಲ್ವಿಚಾರಣೆ ನೋಡುತ್ತಿದ್ದವರು ಸಭರ್ವಾಲ್. ಇವರಿಬ್ಬರ ಜೊತೆಗೆ ಕ್ಯಾಬಿನ್ ಸಿಬ್ಬಂದಿಯ ಹತ್ತು ಮಂದಿ ಅಸುನೀಗಿದರು.

ಜೂನ್ 17ರಂದು ಮುಂಬಯಿಯಲ್ಲಿ ಸಭರ್ವಾಲರ ಅಂತ್ಯಕ್ರಿಯೆ ನಡೆಯಿತು. ವಯೋವೃದ್ಧ ತಂದೆ ಮಗನ ಶವಪೆಟ್ಟಿಗೆಯ ಮುಂದೆ ಕೈಮುಗಿದು ನಿಂತ ಚಿತ್ರವನ್ನು ದೇಶವೇ ಕಂಡಿತು. ಆ ತಂದೆಯೂ ಹಿಂದೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ಸೇವೆ ಸಲ್ಲಿಸಿದ್ದವರು. ವಿಮಾನವೆಂದರೇನು, ದುರಂತವೆಂದರೇನು, ತನಿಖೆಯೆಂದರೇನು ಎಂಬುದು ಅವರಿಗೆ ಹೊಸದಲ್ಲ. ಅದೇ ದಿನದಿಂದ 171 ಎಂಬ ಸಂಖ್ಯೆಯನ್ನು ಏರ್ ಇಂಡಿಯಾ ಕೈಬಿಟ್ಟು, ಅಹಮದಾಬಾದ್–ಗ್ಯಾಟ್ವಿಕ್ ಹಾರಾಟಕ್ಕೆ 159 ಎಂಬ ಸಂಖ್ಯೆಯನ್ನು ಕೊಟ್ಟಿತು. ದೊಡ್ಡ ದುರಂತಕ್ಕೀಡಾದ ಹಾರಾಟದ ಸಂಖ್ಯೆಯನ್ನು ಮತ್ತೆ ಬಳಸದಿರುವುದು ಹಲವು ವಿಮಾನ ಸಂಸ್ಥೆಗಳಲ್ಲಿ ರೂಢಿಯಲ್ಲಿದೆ. ಲೆಕ್ಕಪತ್ರ, ಸಮಯ, ಇಂಧನಗಳ ಆ ಲೋಕದಲ್ಲಿ ಶೋಕಕ್ಕೆ ದೊರೆಯುವ ಗೌರವ ಇಷ್ಟು.

ಅಂತ್ಯಕ್ರಿಯೆಯ ಹಿಂದಿನ ದಿನ, ಜೂನ್ 16ರಂದು, ಏರ್ ಇಂಡಿಯಾದ 112 ಚಾಲಕರು ಅನಾರೋಗ್ಯವೆಂದು ರಜೆ ಹಾಕಿದರು. ಅವರಲ್ಲಿ 51 ಮಂದಿ ಕ್ಯಾಪ್ಟನ್‌ಗಳು, 61 ಮಂದಿ ಸಹಚಾಲಕರು. ಈ ಅಂಕಿಗಳನ್ನು ವಿಮಾನಯಾನ ಖಾತೆಯ ರಾಜ್ಯ ಸಚಿವರು ಮರುತಿಂಗಳು ಲೋಕಸಭೆಯಲ್ಲಿ ತಿಳಿಸಿದರು. 112 ಜನರಿಗೆ ಒಂದೇ ದಿನ ಜ್ವರ ಬರುವುದಿಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ "ನನ್ನ ಗೆಳೆಯ ಸತ್ತಿದ್ದಾನೆ, ಇಂದು ನನ್ನ ಕೈ ಸ್ಥಿರವಾಗಿಲ್ಲ" ಎಂದು ಬರೆಯಲು ರಜೆಯ ಅರ್ಜಿಯಲ್ಲಿ ಅವಕಾಶವೆಲ್ಲಿದೆ? ಇದನ್ನು ಕರ್ತವ್ಯಚ್ಯುತಿ ಎನ್ನುವವರೂ ಇದ್ದಾರು. ನೂರಾರು ಜೀವಗಳ ಹೊಣೆ ಹೊತ್ತವನು, ತಾನು ಇಂದು ಅದಕ್ಕೆ ತಕ್ಕವನಲ್ಲವೆಂದು ತಿಳಿದು ಹಿಂದೆ ಸರಿದರೆ ಅದೇ ಕರ್ತವ್ಯವೆಂದು ಈ ಲೇಖಕನ ಭಾವನೆ.

ಚಾಲಕರು ಮನಸ್ಸಿನ ನೋವನ್ನು ಬಾಯಿಬಿಟ್ಟು ಹೇಳದಿರುವುದಕ್ಕೆ ಬಲವಾದ ಕಾರಣವಿದೆ. ಅವರ ಲೈಸೆನ್ಸು ವೈದ್ಯಕೀಯ ಪರೀಕ್ಷೆಯ ಮೇಲೆ ನಿಂತಿರುತ್ತದೆ. ನಿಯಮಿತ ಅವಧಿಗೊಮ್ಮೆ ದೇಹ, ದೃಷ್ಟಿ, ಶ್ರವಣ, ಮನಸ್ಸು ಎಲ್ಲವೂ ಪರೀಕ್ಷೆಗೊಳಗಾಗುತ್ತವೆ. ನಿದ್ರೆ ಬರುತ್ತಿಲ್ಲ, ಬೀಳುವ ಕನಸು ಕಾಣುತ್ತೇನೆ ಎಂದು ವೈದ್ಯರ ಮುಂದೆ ಹೇಳಿದರೆ ಹಾರಾಟದ ಅರ್ಹತೆಯೇ ತಪ್ಪಿಹೋದೀತೆಂಬ ಭಯ. ಸಾಲ ಮಾಡಿ ಲಕ್ಷಾಂತರ ರೂಪಾಯಿ ತೆತ್ತು ತರಬೇತಿ ಪಡೆದ ತರುಣನಿಗೆ ಈ ಭಯ ಇಮ್ಮಡಿ. ಮಕ್ಕಳನ್ನು ಚಾಲಕರನ್ನಾಗಿ ಮಾಡಬಯಸುವ ತಂದೆತಾಯಿಗಳು ತರಬೇತಿಯ ಶುಲ್ಕವನ್ನು ವಿಚಾರಿಸುವಂತೆಯೇ ಇದನ್ನೂ ವಿಚಾರಿಸಬೇಕು.

2015ರ ಮಾರ್ಚ್ 24ರಂದು ಫ್ರಾನ್ಸಿನ ಆಲ್ಪ್ಸ್ ಪರ್ವತದಲ್ಲಿ ಜರ್ಮನ್‌ವಿಂಗ್ಸ್ ಸಂಸ್ಥೆಯ ಸಹಚಾಲಕನೊಬ್ಬ ತನ್ನ ಮಾನಸಿಕ ವ್ಯಾಧಿಯನ್ನು ಬಚ್ಚಿಟ್ಟು, ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿ 150 ಜನರ ಸಾವಿಗೆ ಕಾರಣನಾದ. ಅದಾದ ಮೇಲೆ ಯೂರೋಪಿನಲ್ಲಿ ಒಂದು ವ್ಯವಸ್ಥೆ ಕಡ್ಡಾಯವಾಯಿತು. ನೋವಿನಲ್ಲಿರುವ ಚಾಲಕ, ತರಬೇತಿ ಪಡೆದ ಮತ್ತೊಬ್ಬ ಚಾಲಕನ ಮುಂದೆ ಗೋಪ್ಯವಾಗಿ ಮನಸ್ಸು ಬಿಚ್ಚಬಹುದು. ಅವನ ಲೈಸೆನ್ಸಿಗೆ ಕೂಡಲೇ ಕುತ್ತು ಬರುವುದಿಲ್ಲ. ನಮ್ಮ ವಿಮಾನಯಾನ ಮಹಾನಿರ್ದೇಶನಾಲಯವೂ 2023ರಲ್ಲಿ ಇಂಥ ಏರ್ಪಾಟು ಮಾಡಿಕೊಳ್ಳುವಂತೆ ವಿಮಾನ ಸಂಸ್ಥೆಗಳಿಗೆ ಸಲಹೆ ನೀಡಿತು. ಊರಿನ ಕಟ್ಟೆಯ ಮೇಲೆ ಸಮವಯಸ್ಕರು ಕುಳಿತು ದುಃಖ ಹಂಚಿಕೊಳ್ಳುತ್ತಿದ್ದುದನ್ನು ಕಂಡವರಿಗೆ ಇದು ಅಷ್ಟೇನೂ ಹೊಸ ಶೋಧವೆನಿಸದು.

ಇವೆಲ್ಲಕ್ಕಿಂತ ಕಠಿಣವಾದುದೊಂದಿದೆ. ನಾವು ತೀರಿಕೊಂಡವರ ಒಳ್ಳೆಯ ಮಾತುಗಳನ್ನಷ್ಟೇ ನೆನೆಯುತ್ತೇವೆ, ತಪ್ಪುಗಳನ್ನು ಮರೆಯುತ್ತೇವೆ. ಚಾಲಕರಿಗೆ ಆ ಸ್ವಾತಂತ್ರ್ಯವಿಲ್ಲ. ಮಡಿದ ಗೆಳೆಯನ ಕೊನೆಯ ನಿಮಿಷಗಳು ಕಾಕ್‌ಪಿಟ್ಟಿನ ಧ್ವನಿಮುದ್ರಣ ಯಂತ್ರದಲ್ಲಿ ಉಳಿದಿರುತ್ತವೆ. ನಾವು ಕಪ್ಪು ಪೆಟ್ಟಿಗೆ ಎನ್ನುವ ಅದರ ಬಣ್ಣ ನಿಜವಾಗಿ ಕಿತ್ತಳೆ. ಅದರಲ್ಲಿನ ಮಾತುಗಳು ವರದಿಯ ಪುಟಕ್ಕೆ ಬಂದ ಮೇಲೆ ಸಹೋದ್ಯೋಗಿಗಳು ಓದುತ್ತಾರೆ, ಓದಲೇಬೇಕು. ಗೆಳೆಯ ಎಲ್ಲಿ ಎಡವಿದನೆಂದು ತಿಳಿಯದಿದ್ದರೆ ನಾಳೆ ತಾವೂ ಅಲ್ಲಿಯೇ ಎಡವಬಹುದು.

ಬೆಂಗಳೂರಿನವರು 1990ರ ಫೆಬ್ರವರಿ 14ನ್ನು ಮರೆತಿರಲಾರರು. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಏರ್‌ಬಸ್ 320 ವಿಮಾನ, ಎಚ್‌ಎಎಲ್ ನಿಲ್ದಾಣದ ಓಡುದಾರಿಯನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಕ್ಯಾಪ್ಟನ್ ಸಿರಿಲ್ ಫರ್ನಾಂಡಿಸ್ ಅಂದು ಪರೀಕ್ಷಾರ್ಥಿಯ ಸ್ಥಾನದಲ್ಲಿದ್ದರು. ಕ್ಯಾಪ್ಟನ್ ಗೋಪುಜಕರ್ ಅವರ ಪರೀಕ್ಷಕರು. ಇಬ್ಬರೂ ಉಳಿಯಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ವಿಚಾರಣೆ ನಡೆಸಿದರು. ನೆಲ ಸಮೀಪಿಸುವ ವೇಳೆಗೆ ಎಂಜಿನುಗಳು ಕನಿಷ್ಠ ಶಕ್ತಿಯಲ್ಲಿಯೇ ಉಳಿದಿದ್ದವು, ವೇಗ ಕುಸಿಯುತ್ತ ಬಂದಿತ್ತು. ಸ್ವಯಂಚಾಲಿತ ವ್ಯವಸ್ಥೆ ತಾವೆಣಿಸಿದ ಸ್ಥಿತಿಯಲ್ಲಿಲ್ಲವೆಂಬುದು ಇಬ್ಬರ ಅರಿವಿಗೂ ಬರುವಾಗ ತಡವಾಗಿತ್ತು. ಎಂಜಿನು ಪೂರ್ಣಶಕ್ತಿಗೇರಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಅವರಿಗೆ ಸಿಗಲಿಲ್ಲ. ಗಣಕಯಂತ್ರವನ್ನು ನಂಬಿದ ಹೊಸ ಬಗೆಯ ವಿಮಾನವದು. ತಪ್ಪು ಮನುಷ್ಯನದೋ ಯಂತ್ರದ ವಿನ್ಯಾಸದ್ದೋ ಎಂಬ ವಾದ ಬಹುಕಾಲ ನಡೆಯಿತು. ಸರ್ಕಾರ ಆ ಮಾದರಿಯ ವಿಮಾನಗಳನ್ನೆಲ್ಲ ತಿಂಗಳುಗಟ್ಟಲೆ ನೆಲದ ಮೇಲೆ ನಿಲ್ಲಿಸಿತು. ಮತ್ತೆ ಅವು ಹಾರಿದಾಗ ಅದೇ ಬಗೆಯ ಆಸನದಲ್ಲಿ, ಅದೇ ಗುಂಡಿಗಳ ಮುಂದೆ ಕುಳಿತವರು ಆ ಇಬ್ಬರ ಸಹೋದ್ಯೋಗಿಗಳೇ.

2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿತೆಗೆದುಕೊಂಡ ದುರಂತದ ವರದಿ ಇನ್ನೂ ನಿಷ್ಠುರವಾದದ್ದು. ದುಬೈಯಿಂದ ಬರುವ ದಾರಿಯಲ್ಲಿ ಕ್ಯಾಪ್ಟನ್ ಬಹುಹೊತ್ತು ನಿದ್ರಿಸಿದ್ದರು. ಇಳಿಯುವಾಗ ವಿಮಾನ ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹಚಾಲಕ ಮೂರು ಬಾರಿ ಹೇಳಿದರು. ಹೇಳಿದರೇ ಹೊರತು ಹಿಡಿಕೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದೆಂದು ನಾವೆಲ್ಲ ಮಕ್ಕಳಿಗೆ ಕಲಿಸುತ್ತೇವೆ. ಒಳ್ಳೆಯದೇ. ಆದರೆ ಕಾಕ್‌ಪಿಟ್ಟಿನಲ್ಲಿ ಆ ಸಂಕೋಚವೇ ಮೃತ್ಯುವಾಗುತ್ತದೆ. ಕಿರಿಯನು ಎಚ್ಚರಿಸುವುದನ್ನೂ, ಹಿರಿಯನು ಅದಕ್ಕೆ ಕಿವಿಗೊಡುವುದನ್ನೂ ಚಾಲಕರಿಗೆ ಇಂದು ಪಾಠವಾಗಿಯೇ ಕಲಿಸುತ್ತಾರೆ. ಆ ಪಾಠದ ಉದಾಹರಣೆಗಳೆಲ್ಲ ಸತ್ತ ಸಹೋದ್ಯೋಗಿಗಳವು.

ಕೋಳಿಕ್ಕೋಡಿನ ಕಥೆಯಲ್ಲಿ ಪ್ರಶಂಸೆ ಮೊದಲು ಬಂತು, ದೋಷಾರೋಪ ಆಮೇಲೆ. 2020ರ ಆಗಸ್ಟ್ 7ರ ಮಳೆಯ ರಾತ್ರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕೆಳಗೆ ಬಿದ್ದು ಮುರಿಯಿತು. 190 ಜನರಲ್ಲಿ 21 ಮಂದಿ ಮಡಿದರು. ಕ್ಯಾಪ್ಟನ್ ದೀಪಕ್ ಸಾಠೆ ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದವರು. ಅವರೂ ಸಹಚಾಲಕ ಅಖಿಲೇಶ್ ಕುಮಾರರೂ ಮೃತರಲ್ಲಿ ಸೇರಿದ್ದರು. ಬೆಂಕಿ ಹತ್ತದಂತೆ ನೋಡಿಕೊಂಡು ಪ್ರಯಾಣಿಕರನ್ನು ಉಳಿಸಿದ ವೀರರೆಂದು ಮರುದಿನ ಎಲ್ಲೆಡೆ ಹೊಗಳಿದರು. ವರ್ಷದ ನಂತರ, 2021ರ ಸೆಪ್ಟೆಂಬರಿನಲ್ಲಿ ಬಂದ ತನಿಖಾ ವರದಿಯು ಇಳಿಯುವ ಕ್ರಮಗಳನ್ನು ಕ್ಯಾಪ್ಟನ್ ಪಾಲಿಸದಿದ್ದುದೇ ಸಂಭವನೀಯ ಕಾರಣವೆಂದಿತು. ಹೊಗಳಿದವರಲ್ಲಿ ಎಷ್ಟು ಮಂದಿ ಆ ವರದಿಯನ್ನು ಓದಿದರೋ! ಅವರ ಮನೆಯವರು ಮಾತ್ರ ಎರಡನ್ನೂ ಹೊತ್ತುಕೊಂಡು ಬಾಳಬೇಕು. ಸಹೋದ್ಯೋಗಿಯಾದವನು ಎರಡನ್ನೂ ನಂಬಬಲ್ಲ: ಆತ ಸಜ್ಜನ, ನಿಪುಣ, ಮತ್ತು ಆ ರಾತ್ರಿ ತಪ್ಪಿದ.

ತಪ್ಪು ಕಾಣಿಸುವುದೇ ಬೇರೆ, ಅಪರಾಧಿಯೆನ್ನುವುದೇ ಬೇರೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಒಡಂಬಡಿಕೆಯ 13ನೆಯ ಅನುಬಂಧವು, ಅಪಘಾತ ತನಿಖೆಯ ಗುರಿ ಮುಂದಿನ ಅಪಘಾತಗಳನ್ನು ತಡೆಯುವುದೇ ಹೊರತು ದೋಷ ಹೊರಿಸುವುದಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಅಹಮದಾಬಾದಿನ ಪ್ರಾಥಮಿಕ ವರದಿ 2025ರ ಜುಲೈ 12ರಂದು ಪ್ರಕಟವಾದಾಗ ಇದನ್ನು ನೆನೆದವರು ಕಡಿಮೆ. ವಿಮಾನ ಮೇಲೇರಿದ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನುಗಳ ಇಂಧನದ ಸ್ವಿಚ್ಚುಗಳು ಒಂದರ ಹಿಂದೊಂದು ಕಡಿತದ ಸ್ಥಿತಿಗೆ ಹೋದವೆಂದೂ, ಏಕೆ ಕಡಿತಗೊಳಿಸಿದೆಯೆಂದು ಒಬ್ಬ ಚಾಲಕ ಮತ್ತೊಬ್ಬನನ್ನು ಕೇಳಿದಾಗ ತಾನು ಹಾಗೆ ಮಾಡಲಿಲ್ಲವೆಂದು ಅವನು ಉತ್ತರಿಸಿದನೆಂದೂ ವರದಿ ತಿಳಿಸಿತು. ಸುಮಾರು ಹತ್ತು ಸೆಕೆಂಡುಗಳ ಬಳಿಕ ಸ್ವಿಚ್ಚುಗಳು ಮತ್ತೆ ಮೊದಲ ಸ್ಥಿತಿಗೆ ಬಂದಿದ್ದವು. ಅಂದರೆ ಕೊನೆಯ ಕ್ಷಣದಲ್ಲಿ ಎಂಜಿನುಗಳನ್ನು ಉಳಿಸುವ ಯತ್ನವೂ ನಡೆದಿತ್ತು. ಯಾರು ಕೇಳಿದರು, ಯಾರು ಉತ್ತರಿಸಿದರು ಎಂಬುದನ್ನು ವರದಿ ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ಜಗತ್ತು ತನಗೆ ತೋಚಿದಂತೆ ತುಂಬಿತು. ವಿದೇಶದ ಪತ್ರಿಕೆಗಳು ಹಿರಿಯ ಚಾಲಕನತ್ತ ಬೆರಳು ತೋರಿದವು. ಆತ್ಮಹತ್ಯೆಯೆಂಬ ಮಾತನ್ನೂ ಆಡಲು ಜನ ಹಿಂಜರಿಯಲಿಲ್ಲ.

ಆಗ ಚಾಲಕರ ಸಂಘಗಳು ಮಾತನಾಡಿದವು. ಪ್ರಾಥಮಿಕ ವರದಿಯ ನಾಲ್ಕು ಸಾಲುಗಳಿಂದ ಸತ್ತವರ ಮೇಲೆ ಆತ್ಮಹತ್ಯೆಯ ಆರೋಪ ಹೊರಿಸುವುದು ಅಮಾನುಷವೆಂದು ಭಾರತೀಯ ವಾಣಿಜ್ಯ ಚಾಲಕರ ಸಂಘವು ಖಂಡಿಸಿತು. ಸ್ವಜನಪಕ್ಷಪಾತವೆಂದು ಇದನ್ನು ತಳ್ಳಿಹಾಕಬಹುದು. ತಮ್ಮವರ ತಪ್ಪನ್ನು ಮುಚ್ಚುವ ಸಂಘಗಳು ಲೋಕದಲ್ಲಿ ಇಲ್ಲದೇ ಇಲ್ಲ. ಆದರೆ ಚಾಲಕರು ತಪ್ಪನ್ನು ಮುಚ್ಚಿದರೆ ಮೊದಲು ಸಾಯುವವರು ತಾವೇ ಎಂಬುದು ಅವರಿಗೆ ಗೊತ್ತು. ಅವರು ಕೇಳಿದ್ದು ಮುಚ್ಚುವುದನ್ನಲ್ಲ, ಪೂರ್ತಿ ತೆರೆಯುವುದನ್ನು.

ಸಭರ್ವಾಲರ ತಂದೆ ಸುಮ್ಮನೆ ಕೂರಲಿಲ್ಲ. 91ರ ವಯಸ್ಸಿನಲ್ಲಿ, ನ್ಯಾಯಾಂಗದ ಮೇಲ್ವಿಚಾರಣೆಯಲ್ಲಿ ಸ್ವತಂತ್ರ ತನಿಖೆ ನಡೆಯಬೇಕೆಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2025ರ ನವೆಂಬರ್ 7ರಂದು ಅರ್ಜಿಯನ್ನು ಕೈಗೆತ್ತಿಕೊಂಡ ನ್ಯಾಯಮೂರ್ತಿ ಸೂರ್ಯಕಾಂತ್ ಮತ್ತು ನ್ಯಾಯಮೂರ್ತಿ ಜಯಮಾಲ್ಯ ಬಾಗ್ಚಿ ಅವರ ಪೀಠವು, ಮಗನನ್ನು ಯಾರೂ ದೂಷಿಸಲಾರರು, ಆ ಭಾರವನ್ನು ತಾವು ಹೊರಬೇಕಾಗಿಲ್ಲವೆಂದು ವೃದ್ಧರಿಗೆ ಸಾಂತ್ವನ ಹೇಳಿ ಕೇಂದ್ರಕ್ಕೆ ನೋಟೀಸು ಹೊರಡಿಸಿತು. ಆ ಅರ್ಜಿಯನ್ನು ಅವರು ಒಬ್ಬರೇ ಸಲ್ಲಿಸಿರಲಿಲ್ಲ. ಅವರೊಡನೆ ಅರ್ಜಿದಾರರಾಗಿ ನಿಂತದ್ದು ಭಾರತೀಯ ಪೈಲಟ್‌ಗಳ ಒಕ್ಕೂಟ.