ನಿಮಗಿದು ಗೊತ್ತೆ? ನರ್ಸ್ ಕೈ ಉಳಿಸಲು ಬಂದ ಕೈಗವಸು!

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ರಬ್ಬರ್ ಕೈಗವಸು ಬಂದದ್ದು ರೋಗಿಯ ಸಲುವಾಗಿ ಅಲ್ಲ, ನರ್ಸ್ ಒಬ್ಬರ ಕೈ ಉರಿಯುತ್ತಿತ್ತೆಂದು!

1889–90ರ ಚಳಿಗಾಲ. ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈತೋಳಿನ ಚರ್ಮ ಕೆಟ್ಟಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಎರಡು ಜೊತೆ ತೆಳು ಕೈಗವಸು ಮಾಡಿಸಿದರು. 1890ರಲ್ಲಿ ಇಬ್ಬರೂ ಮದುವೆಯಾದರು. ಕೈಗವಸು ತೊಟ್ಟರೆ ಗಾಯದ ಸೋಂಕು ಇಳಿಯುತ್ತದೆಂದು ಹಾಲ್‌ಸ್ಟೆಡ್ ಶಿಷ್ಯ ಜೋಸೆಫ್ ಬ್ಲಡ್‌ಗುಡ್ ಲೆಕ್ಕ ಸಮೇತ ತೋರಿಸಿದ್ದು 1899ರಲ್ಲಿ.

ಇಂದು ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರೂ ಕೈಗವಸು ತೊಡುತ್ತಾರೆ. ಜಾಗ್ರತೆ ಬೇಕಿರುವುದು ಕಳಚುವಾಗ. ಒಂದರ ಹೊರಮೈಯನ್ನು ಮಣಿಕಟ್ಟಿನ ಬಳಿ ಚಿವುಟಿ ಹಿಡಿದು, ಒಳಮೈ ಹೊರಗಾಗುವಂತೆ ಎಳೆಯಿರಿ. ಬರಿಗೈಯ ಬೆರಳನ್ನು ಇನ್ನೊಂದರ ಅಂಚಿನೊಳಗೆ ತೂರಿಸಿ ಅದನ್ನೂ ಹಾಗೆಯೇ ಮಗುಚಿ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರಬಹುದು. ಆದ್ದರಿಂದ ಕಳಚಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಲೇಬೇಕು. ಅದೇ ಜೊತೆಯಲ್ಲಿ ಇನ್ನೊಬ್ಬ ರೋಗಿಯನ್ನಂತೂ ಮುಟ್ಟಲೇಬಾರದು.