ಯಂತ್ರಚಾಲಿತ ಗ್ಯಾರೇಜ್ ಬಾಗಿಲುಗಳ ಹೊಂದಾಣಿಕೆ ಹಾಗೂ ಸುರಕ್ಷಿತ ನಿರ್ವಹಣೆ: ಸಾರ್ವಜನಿಕರಿಗೆ ಮಾಹಿತಿ

ರಾಜ್ಯದ ನಗರಗಳಲ್ಲಿ, ವಿಶೇಷವಾಗಿ ಸ್ವತಂತ್ರ ಮನೆಗಳು ಹಾಗೂ ವಿಲ್ಲಾ ಬಡಾವಣೆಗಳಲ್ಲಿ, ರಿಮೋಟ್ ಗುಂಡಿ ಒತ್ತಿದೊಡನೆ ಮೇಲಕ್ಕೆ ಸರಿದು ಛಾವಣಿಯ ಕೆಳಗೆ ಅಡ್ಡಲಾಗಿ ನಿಲ್ಲುವ ಗ್ಯಾರೇಜ್ ಬಾಗಿಲುಗಳು ಬಳಕೆಯಲ್ಲಿವೆ. ಇಂತಹ ಬಾಗಿಲು ಒಬ್ಬ ವಯಸ್ಕನ ತೂಕಕ್ಕಿಂತ ಹೆಚ್ಚು ಭಾರವಿರುವುದುಂಟು. ಮನೆಯಲ್ಲಿ ಚಲಿಸುವ ವಸ್ತುಗಳ ಪೈಕಿ ಬಹುಶಃ ಇದೇ ಅತ್ಯಂತ ದೊಡ್ಡದು. ಆದರೂ ಅಳವಡಿಸಿದ ದಿನದ ನಂತರ ಅದು ಕೆಟ್ಟು ನಿಲ್ಲುವವರೆಗೆ ಹೆಚ್ಚಿನವರು ಅದರತ್ತ ಗಮನ ಹರಿಸುವುದಿಲ್ಲ. ಆದ್ದರಿಂದ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಭಾರವನ್ನು ಹೊರುವುದು ಯಾವುದು?

ಬಾಗಿಲನ್ನು ಮೋಟಾರು ಎತ್ತುತ್ತದೆ ಎಂಬುದು ಸಾಮಾನ್ಯವಾದ ತಿಳುವಳಿಕೆ. ವಾಸ್ತವವಾಗಿ ಭಾರದ ಬಹುಪಾಲನ್ನು ಹೊರುವುದು ಬಾಗಿಲಿನ ಮೇಲ್ಭಾಗದಲ್ಲಿರುವ ಅಥವಾ ಎರಡೂ ಪಕ್ಕದಲ್ಲಿರುವ ಉಕ್ಕಿನ ಸ್ಪ್ರಿಂಗುಗಳು. ಮೋಟಾರು ಕೇವಲ ಅಲ್ಪ ಬಲದಿಂದ ಬಾಗಿಲನ್ನು ನಡೆಸುತ್ತದೆ. ಸಾಮಾನ್ಯ ದರ್ಜೆಯ ತಿರುಚು ಸ್ಪ್ರಿಂಗನ್ನು ಸುಮಾರು 10,000 ಬಾರಿಯ ತೆರೆದು ಮುಚ್ಚುವಿಕೆಗೆ ಲೆಕ್ಕ ಹಾಕಿ ತಯಾರಿಸಲಾಗಿರುತ್ತದೆ. ದಿನಕ್ಕೆ 4 ಬಾರಿ ಬಳಸುವ ಮನೆಯಲ್ಲಿ ವರ್ಷಕ್ಕೆ 1,460 ಬಾರಿಯಾಗಿ, ಏಳು ವರ್ಷ ತುಂಬುವ ಮೊದಲೇ ಅದರ ಆಯುಸ್ಸು ಮುಗಿಯುತ್ತದೆ. ಎರಡು ಕಾರುಗಳಿದ್ದು ದಿನಕ್ಕೆ 8 ಬಾರಿ ಬಳಸಿದರೆ ಮೂರೂವರೆ ವರ್ಷವೂ ಆಗುವುದಿಲ್ಲ. ವ್ಯಾಪಾರದ ಯಂತ್ರಗಳಿಗೆ ಸವಕಳಿ ತೆಗೆದಿರಿಸುವಂತೆ ಮನೆಯ ಖರ್ಚಿನಲ್ಲಿಯೂ ಇದಕ್ಕೆ ಒಂದು ಮೊತ್ತವನ್ನು ಮೀಸಲಿಡುವುದು ಒಳಿತು.

ಸ್ಪ್ರಿಂಗು, ಅದರ ತುದಿಯ ತಿರುಪುಗಳು ಹಾಗೂ ಬಾಗಿಲಿನ ಕೆಳಮೂಲೆಯಲ್ಲಿ ತಂತಿಹಗ್ಗ ಸೇರುವ ಹಿಡಿಕೆ ಇವುಗಳನ್ನು ಮನೆಯವರು ಯಾವ ಕಾರಣಕ್ಕೂ ಸಡಿಲಿಸತಕ್ಕದ್ದಲ್ಲ. ಬಿಗಿಯಲ್ಲಿರುವ ಸ್ಪ್ರಿಂಗು ಕೈತಪ್ಪಿದರೆ ಕೈ, ಮುಖಗಳಿಗೆ ತೀವ್ರ ಗಾಯವಾಗುವುದಲ್ಲದೆ ಪ್ರಾಣಾಪಾಯವೂ ಆಗಬಹುದು. ಈ ಕೆಲಸವನ್ನು ಅನುಭವವುಳ್ಳ ತಂತ್ರಜ್ಞರಿಗೇ ಬಿಡತಕ್ಕದ್ದು.

ಸಮತೋಲನದ ಪರೀಕ್ಷೆ

ಸ್ಪ್ರಿಂಗು ಸುಸ್ಥಿತಿಯಲ್ಲಿದೆಯೇ ಎಂಬುದನ್ನು ಮುಟ್ಟದೆಯೇ ತಿಳಿಯಬಹುದು. ಬಾಗಿಲನ್ನು ಪೂರ್ಣವಾಗಿ ಮುಚ್ಚಿ, ವಿದ್ಯುತ್ ಸ್ವಿಚ್ಚನ್ನು ಆರಿಸಿ, ಮೋಟಾರಿನ ಹಳಿಯಿಂದ ತೂಗಾಡುವ ಕೆಂಪು ಹಿಡಿಯ ಹಗ್ಗವನ್ನು ಎಳೆದರೆ ಬಾಗಿಲು ಯಂತ್ರದಿಂದ ಬೇರ್ಪಡುತ್ತದೆ. ಬಾಗಿಲು ಮುಚ್ಚಿರುವಾಗ ಮಾತ್ರ ಇದನ್ನು ಮಾಡತಕ್ಕದ್ದು. ತೆರೆದಿರುವಾಗ ಎಳೆದರೆ, ಸ್ಪ್ರಿಂಗು ತುಂಡಾಗಿದ್ದಲ್ಲಿ ಬಾಗಿಲು ಒಮ್ಮೆಲೇ ಕೆಳಗೆ ಬೀಳುತ್ತದೆ. ನಂತರ ಬಾಗಿಲನ್ನು ಕೈಯಿಂದ ಸೊಂಟದ ಎತ್ತರಕ್ಕೆ ಎತ್ತಿ, ಕೈಗಳನ್ನು ಹತ್ತಿರದಲ್ಲೇ ಇರಿಸಿಕೊಂಡು ಹಿಡಿತವನ್ನು ಮೆಲ್ಲಗೆ ಸಡಿಲಿಸುವುದು. ಅದು ಅಲ್ಲಿಯೇ ನಿಂತರೆ ಸಮತೋಲನ ಸರಿಯಿದೆ ಎಂದರ್ಥ. ಕೆಳಗಿಳಿದರೆ, ಮೇಲಕ್ಕೆ ಹಾರಿದರೆ ಅಥವಾ ಎತ್ತಲು ವಿಪರೀತ ಭಾರವೆನಿಸಿದರೆ ತಂತ್ರಜ್ಞರನ್ನು ಕರೆಸುವವರೆಗೆ ಬಾಗಿಲನ್ನು ಬಳಸಬಾರದು.

ಹಿಮ್ಮುಖ ಚಲನೆಯ ಪರೀಕ್ಷೆ

ಮುಚ್ಚುತ್ತಿರುವ ಬಾಗಿಲು ಯಾವುದೇ ಅಡ್ಡಿಗೆ ತಗುಲಿದಾಗ ತಾನಾಗಿಯೇ ಹಿಂದಕ್ಕೆ ತೆರೆದುಕೊಳ್ಳಬೇಕು. ಅಮೆರಿಕದಲ್ಲಿ ಮಕ್ಕಳು ಇಂತಹ ಬಾಗಿಲಿನಡಿ ಸಿಲುಕಿ ಮೃತಪಟ್ಟ ಪ್ರಕರಣಗಳ ಹಿನ್ನೆಲೆಯಲ್ಲಿ 1990ರಲ್ಲಿ ಕಾನೂನು ರೂಪಿಸಿ, 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳಲ್ಲಿ ಸಿಲುಕುವಿಕೆಯನ್ನು ತಡೆಯುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಲಾಯಿತು. ನಮ್ಮಲ್ಲಿ ಯಂತ್ರ ಕೊಳ್ಳುವಾಗ ಸಂವೇದಕವನ್ನು ಕೆಲವೊಮ್ಮೆ ಪ್ರತ್ಯೇಕ ಬಿಡಿಭಾಗವಾಗಿ ಮಾರಲಾಗುತ್ತದೆ. ಹಣ ಉಳಿಸುವ ಉದ್ದೇಶದಿಂದ ಅದನ್ನು ಕೈಬಿಡುವುದು ಸಲ್ಲದು.

ಸುಮಾರು 4 ಸೆಂಟಿಮೀಟರ್ ದಪ್ಪದ ಮರದ ತುಂಡನ್ನು ಬಾಗಿಲಿನ ನಡುಭಾಗಕ್ಕೆ ಸರಿಯಾಗಿ ನೆಲದ ಮೇಲೆ ಮಲಗಿಸಿ ಬಾಗಿಲನ್ನು ಮುಚ್ಚುವುದು. ಮರಕ್ಕೆ ತಗುಲಿದ ಎರಡು ಸೆಕೆಂಡುಗಳೊಳಗೆ ಬಾಗಿಲು ಮೇಲಕ್ಕೆ ಹಿಂದಿರುಗಬೇಕು. ಕೇವಲ ನಿಂತರೆ ಸಾಲದು. ಕೈ ಅಥವಾ ಕಾಲನ್ನು ಒಡ್ಡಿ ಪರೀಕ್ಷಿಸಬಾರದು.

ಬೆಳಕಿನ ಕಿರಣದ ಸಂವೇದಕಗಳು ಬಾಗಿಲಿನ ಎರಡೂ ಪಕ್ಕದಲ್ಲಿ, ನೆಲದಿಂದ 15 ಸೆಂಟಿಮೀಟರ್‌ಗಿಂತ ಹೆಚ್ಚಿಲ್ಲದ ಎತ್ತರದಲ್ಲಿರಬೇಕು. ಅಂಬೆಗಾಲಿಡುವ ಮಗುವೂ ಅದಕ್ಕೆ ಅಡ್ಡ ಬರಲಿ ಎಂಬುದೇ ಈ ಎತ್ತರದ ಉದ್ದೇಶ. ಬಾಗಿಲು ಮುಚ್ಚುತ್ತಿರುವಾಗ ಉದ್ದನೆಯ ಕೋಲೊಂದನ್ನು ಕಿರಣಕ್ಕೆ ಅಡ್ಡ ಹಿಡಿದು ಅದು ಹಿಂದಿರುಗುವುದನ್ನು ಖಚಿತಪಡಿಸಿಕೊಳ್ಳುವುದು. ಜೇಡರಬಲೆ, ಧೂಳು, ಅಂಗಳ ತೊಳೆದ ನೀರಿನ ಸಿಡಿತ, ಸಂಜೆಯ ನೇರ ಬಿಸಿಲು ಇವು ಸಂವೇದಕಕ್ಕೆ ತೊಡಕುಂಟುಮಾಡುತ್ತವೆ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಈ ಎರಡೂ ಪರೀಕ್ಷೆಗಳನ್ನು ತಿಂಗಳಿಗೊಮ್ಮೆ ಮಾಡತಕ್ಕದ್ದು.

ಬಲದ ಹೊಂದಾಣಿಕೆಯಲ್ಲಿ ಆಗುವ ತಪ್ಪು

ಯಂತ್ರದಲ್ಲಿ ಬಾಗಿಲು ಎಲ್ಲಿಯವರೆಗೆ ಚಲಿಸಬೇಕು ಹಾಗೂ ಎಷ್ಟು ಬಲ ಹಾಕಬೇಕು ಎಂಬ ಎರಡು ಹೊಂದಾಣಿಕೆಗಳಿರುತ್ತವೆ. ಹಳಿಯಲ್ಲಿ ಕೆಸರು ಕಟ್ಟಿಕೊಂಡಾಗ ಅಥವಾ ಸ್ಪ್ರಿಂಗು ದುರ್ಬಲವಾದಾಗ ಬಾಗಿಲು ನಡುವೆ ನಿಲ್ಲತೊಡಗುತ್ತದೆ. ಆಗ ಬಲದ ತಿರುಪನ್ನು ಹೆಚ್ಚಿಸಿ ‘ಸರಿಪಡಿಸಿಕೊಳ್ಳುವ’ ರೂಢಿಯಿದೆ. ಇದು ಅತ್ಯಂತ ಅಪಾಯಕರ. ಬಾಗಿಲು ಆಗ ಅಡ್ಡಿಯನ್ನು ಗುರುತಿಸದೆ ಒತ್ತುತ್ತಲೇ ಇರುತ್ತದೆ. ಮೊದಲು ಹಳಿಯನ್ನು ಸ್ವಚ್ಛಗೊಳಿಸಿ, ಸಮತೋಲನವನ್ನು ಪರೀಕ್ಷಿಸಿ, ಬಳಿಕ ತಯಾರಕರ ಕೈಪಿಡಿಯಂತೆ ಬಾಗಿಲು ಚಲಿಸಲು ಬೇಕಾದ ಕನಿಷ್ಠ ಬಲವನ್ನಷ್ಟೇ ಇರಿಸತಕ್ಕದ್ದು. ಯಾವ ತಿರುಪನ್ನು ಮುಟ್ಟಿದರೂ ಮರದ ತುಂಡಿನ ಪರೀಕ್ಷೆಯನ್ನು ಮತ್ತೆ ಮಾಡುವುದು.

ಉರುಳೆಗಳ ಬೇರಿಂಗು ಹಾಗೂ ಕೀಲುಗಳಿಗೆ ತಯಾರಕರು ಸೂಚಿಸಿದ ಎಣ್ಣೆಯನ್ನು ಹಾಕಬಹುದು. ಹಳಿಗೆ ಎಣ್ಣೆ ಬೇಡ, ಅದು ಧೂಳನ್ನು ಹಿಡಿದಿಡುತ್ತದೆ. ಚಳಿಗೆ ಹೆಪ್ಪುಗಟ್ಟುವ ತೆಂಗಿನ ಎಣ್ಣೆಯನ್ನಂತೂ ಬಳಸಬಾರದು.

ವಿದ್ಯುತ್ ವ್ಯತ್ಯಯವಾದಾಗ

ಕ್ಯಾಲಿಫೋರ್ನಿಯಾದಲ್ಲಿ 2017ರ ಕಾಳ್ಗಿಚ್ಚಿನ ವೇಳೆ ವಿದ್ಯುತ್ ಕಡಿತಗೊಂಡು, ಗ್ಯಾರೇಜ್ ಬಾಗಿಲು ತೆರೆಯಲಾಗದೆ ಜನರು ಪ್ರಾಣ ಕಳೆದುಕೊಂಡರು. ತರುವಾಯ 2019ರ ಜುಲೈ 1ರಿಂದ ಅಲ್ಲಿ ಮಾರಾಟವಾಗುವ ಯಂತ್ರಗಳಿಗೆ ಬ್ಯಾಟರಿ ಕಡ್ಡಾಯವಾಯಿತು. ವಿದ್ಯುತ್ ವ್ಯತ್ಯಯ ನಮ್ಮಲ್ಲಿ ಹೊಸತಲ್ಲವಾದ್ದರಿಂದ ಮನೆಯ ಹಿರಿಯರು, ಚಾಲಕರು, ಮನೆಗೆಲಸದವರು ಸೇರಿದಂತೆ ಎಲ್ಲರಿಗೂ ಕೆಂಪು ಹಿಡಿಯ ಉಪಯೋಗವನ್ನು ಒಮ್ಮೆ ಮಾಡಿಸಿ ತೋರಿಸತಕ್ಕದ್ದು. ಗ್ಯಾರೇಜಿಗೆ ಬೇರೆ ಬಾಗಿಲಿಲ್ಲದಿದ್ದಲ್ಲಿ ಹೊರಗಿನಿಂದ ಕೀಲಿಯ ಮೂಲಕ ಬಿಡಿಸುವ ಸೌಲಭ್ಯವನ್ನು ಅಳವಡಿಸಿಕೊಳ್ಳುವುದು ಅಗತ್ಯ.

ಯಂತ್ರಕ್ಕೆ ಭೂಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್ಟಿನಿಂದಲೇ ವಿದ್ಯುತ್ ಪಡೆಯುವುದು. ತಾತ್ಕಾಲಿಕ ತಂತಿ ಎಳೆಯಬಾರದು. ಗೋಡೆಯ ಗುಂಡಿ ಮಕ್ಕಳಿಗೆ ಎಟುಕದಂತೆ 1.5 ಮೀಟರ್ ಎತ್ತರದಲ್ಲಿ, ಬಾಗಿಲು ಕಣ್ಣಿಗೆ ಕಾಣುವ ಸ್ಥಳದಲ್ಲಿರಬೇಕು. ರಿಮೋಟನ್ನು ಮಕ್ಕಳ ಆಟಕ್ಕೆ ಕೊಡಬಾರದು. ಅದು ಕಳೆದುಹೋದಲ್ಲಿ ಯಂತ್ರದ ನೆನಪಿನಿಂದ ಅದರ ಸಂಕೇತವನ್ನು ಕೂಡಲೇ ಅಳಿಸುವುದು.

ಬಾಗಿಲಿನಡಿ ಯಾರಾದರೂ ಸಿಲುಕಿದಲ್ಲಿ ಮೊದಲು ತೆರೆಯುವ ಗುಂಡಿಯನ್ನು ಒತ್ತುವುದು. ತೆರೆಯದಿದ್ದಲ್ಲಿ ಇಬ್ಬರು ಬಾಗಿಲನ್ನು ಭದ್ರವಾಗಿ ಹಿಡಿದುಕೊಂಡ ನಂತರವೇ ಕೆಂಪು ಹಿಡಿಯನ್ನು ಎಳೆದು ಮೇಲಕ್ಕೆತ್ತುವುದು. ಆಂಬ್ಯುಲೆನ್ಸ್‌ಗಾಗಿ 108 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು. ತಂತ್ರಜ್ಞರು ಪರಿಶೀಲಿಸುವವರೆಗೆ ಸದರಿ ಯಂತ್ರದ ಸ್ವಿಚ್ಚನ್ನು ಆರಿಸಿಯೇ ಇಡತಕ್ಕದ್ದು.